ಒಂದೇ ಒದೆಗೆ

ಎರ್ನಾಕುಲಂ,
೧೪-೩-೧೯೫೮, ಶುಕ್ರವಾರ

ಪ್ರೀತಿಯ ವಸಂತಿ ಅಕ್ಕನಿಗೆ,

ನಿನ್ನ ತಂಗಿ ರಾಜೀವಿಯ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ. ನಿನ್ನ ಎರಡು ಕಾಗದ ಬಂದು ತಿಂಗಳಾಯಿತು, ಎರಡನ್ನೂ ಕನ್ನಡಿಯ ಸಂದಿಗೆ ಸಿಕ್ಕಿಸಿದ್ದೇನೆ, ತಲೆ ಬಾಚುವಾಗೆಲ್ಲ ಅವು ನನ್ನನ್ನೇ ನೋಡುತ್ತವೆ. "ಕೊಚ್ಚಿಯಲ್ಲಿ ಶಾಯಿ ಸಿಗುವುದಿಲ್ಲವೋ?" ಎಂದು ನೀನು ಕೇಳಿದ್ದು ತಾಗಬೇಕಾದ ಕಡೆಯೇ ತಾಗಿದೆ. ತಪ್ಪಾಯಿತು, ಕ್ಷಮಿಸು. ಈ ಸಲ ಹೇಳಲಿಕ್ಕೆ ಇರುವುದನ್ನು ಕೇಳಿದರೆ ನಿನ್ನ ಸಿಟ್ಟು ಇಳಿಯಬಹುದು, ಅಥವಾ ಇನ್ನೂ ಏರಬಹುದು.

ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ನಾನು ಮೋಟಾರ್ ಸೈಕಲ್ ಸ್ಟಾರ್ಟ್ ಮಾಡಿದೆ. ತಿರುವನಂತಪುರದ ಚಾಲೆ ಬಜಾರಿನ ಪಕ್ಕದ ಓಣಿಯಲ್ಲಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹದಿನೈದು ಇಪ್ಪತ್ತು ಗಂಡಸರ ಎದುರಿಗೆ, ಒಂದೇ ಒದೆಗೆ. ಭಾವನವರಿಗೆ ಇದನ್ನು ಓದಿ ಹೇಳಬೇಕೋ ಬೇಡವೋ ನೀನೇ ನೋಡಿಕೋ. ಗಂಡನ ಬೆನ್ನ ಹಿಂದೆ ಕೂತು ಊರು ಸುತ್ತುವುದಕ್ಕೇ ನೀನು ನನ್ನನ್ನು ಬೈದವಳು, ಇದಕ್ಕೆ ಎಂತ ಹೇಳುತ್ತೀಯೋ ದೇವರೇ ಬಲ್ಲ.

ಬೈಕಿನ ಕಥೆ ನಿನಗೆ ಅರ್ಧ ಗೊತ್ತುಂಟು. ಯುದ್ಧಕ್ಕೆ ಮೊದಲು ವಿಲಾಯತಿಯಿಂದ ಬಂದದ್ದು, ಇಪ್ಪತ್ತು ವರ್ಷ ದಾಟಿದೆ. ಚಹಾ ಕಂಪೆನಿಯ ಸಾಹೇಬನೊಬ್ಬ ತನ್ನ ಊರಿಗೆ ಮರಳುವಾಗ ಇವರ ಕೈಗೆ ಒಪ್ಪಿಸಿ ಹೋದ. ಇವರು ಅದಕ್ಕೆ ಮಾಡುವ ಉಪಚಾರ ನೋಡಿ ನನಗೆ ಹೊಟ್ಟೆಕಿಚ್ಚು ಬಂದದ್ದೂ ಉಂಟು. ಮೆಕ್ಯಾನಿಕ್ಕೇ ಆದರೂ ಬೇರೆ ಯಾರೂ ಅದರ ಪೆಡಲಿಗೆ ಕಾಲಿಡುವ ಹಾಗಿಲ್ಲ. ಆದರೆ ತಂತಿ ಇಲಾಖೆಯ ಲೈನ್ ಇನ್ಸ್‌ಪೆಕ್ಟರಿಗೆ ಬೈಕಿಲ್ಲದೆ ನಡೆಯುವುದಿಲ್ಲ. ತಂತಿ ಹೋದ ದಾರಿಯಲ್ಲೆಲ್ಲ ಮೈಲುಗಟ್ಟಲೆ ಹೋಗಬೇಕು, ಎಲ್ಲಿ ತುಂಡಾಗಿದೆ ಹುಡುಕಬೇಕು, ಲೈನ್‌ಮನ್ ಹತ್ತಿರ ಇಲ್ಲದಿದ್ದರೆ ತಾವೇ ಕಂಬ ಹತ್ತಿ ಕಟ್ಟಬೇಕು. ನಲವತ್ತರ ಹತ್ತಿರ ಬಂದರೂ ಇವರು ಕಂಬ ಹತ್ತುವುದನ್ನು ನೋಡಲು ದಾರಿಹೋಕರು ನಿಲ್ಲುತ್ತಾರೆ. ನಾನೂ ಒಮ್ಮೆ ಕೆಳಗೆ ನಿಂತು ನೋಡಿದ್ದೇನೆ. ಮೇಲೆ ಕೂತು ತಂತಿಗೆ ಕಿವಿ ಕೊಟ್ಟು, "ರಾಜೀವೀ, ಮದ್ರಾಸಿನವರು ಮಾತಾಡ್ತಾ ಇದ್ದಾರೆ!" ಎಂದು ಕೂಗಿದರು. ತಮಾಷೆಗೆ ಹೇಳಿದ್ದು, ಆದರೂ ನನಗೆ ಮೈ ಜುಮ್ಮೆಂದಿತು.

ಆ ಬೈಕು ದೀಪಾವಳಿ ಕಳೆದ ಮೇಲೆ ಹಠ ಹಿಡಿಯಿತು. ಬೆಳಿಗ್ಗೆ ಇವರು ಹೊರಡುವಾಗ ಅಂಗಳದಲ್ಲಿ ಒದೆ ಶುರು. ಐದು, ಹತ್ತು, ಇಪ್ಪತ್ತು. ಅದು ಒಮ್ಮೆ ಕೆಮ್ಮಿ ಸುಮ್ಮನಾಗುವುದು. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗೆ ಅಂಟುವುದು, ಇವರು ಅದರ ಎದುರು ನಿಂತು, "ಎಂತ ಬೇಕು ನಿನಗೆ? ಎಂತ ಬೇಕು ಹೇಳು!" ಎಂದು ಕೇಳುವುದು. ವಿಚಿತ್ರವೆಂದರೆ ಯಾರಾದರೂ ಹಿಂದಿನಿಂದ ತಳ್ಳಿದರೆ ನಾಲ್ಕು ಹೆಜ್ಜೆಗೆ ಸ್ಟಾರ್ಟ್ ಆಗುತ್ತಿತ್ತು. ಆದರೆ ಎರ್ನಾಕುಲಂ ಹಪ್ಪಳದ ಹಾಗೆ ಸಪಾಟಾದ ಊರು. ಇಳಿಜಾರು ಬೇಕಾದರೆ ಸೇತುವೆಯ ತುದಿಗೇ ಹೋಗಬೇಕು. ಇವರು ದಿನಾ ಬೈಕನ್ನು ಸೇತುವೆಯವರೆಗೆ ತಳ್ಳಿಕೊಂಡು ಹೋಗಿ, ಏರಿಸಿ, ಅಲ್ಲಿಂದ ಜಾರಿಸಿಕೊಂಡು ಆಫೀಸಿಗೆ ಹೋಗುತ್ತಿದ್ದರು. ನೆರೆಯವರು ನಗುತ್ತಿದ್ದರು.

ಅದೇ ಹೊತ್ತಿಗೆ ಬಡ್ತಿಯ ಸುದ್ದಿ ಬಂತು. ತಿರುವನಂತಪುರದ ದಕ್ಷಿಣಕ್ಕೆ, ಕೋವಳಂ ಆಚೆ ಸಮುದ್ರದ ಬದಿಯ ಲೈನು ಪೂರಾ ಇವರ ಕೈಗೆ. ಇವರು ಹನ್ನೆರಡು ವರ್ಷದಿಂದ ಕಾದು ಕೂತ ಕೆಲಸ ಅದು. ಒಂದೇ ಷರತ್ತು: ಸ್ವಂತ ವಾಹನ ಸುಸ್ಥಿತಿಯಲ್ಲಿ ಇರಬೇಕು, ಮಾರ್ಚ್ ಹತ್ತಕ್ಕೆ ಅದನ್ನು ತಂದು ಅಲ್ಲಿನ ದೊಡ್ಡ ಆಫೀಸರಿಗೆ ತೋರಿಸಬೇಕು. ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವನಿಗೆ. ಆ ಕಾಗದ ಬಂದ ದಿನ ಇವರು ಊಟ ಮಾಡಲಿಲ್ಲ, ಬೈಕಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು.

ಇಲ್ಲಿ ಮೂರು ಜನ ಮೆಕ್ಯಾನಿಕ್‌ಗಳಿಗೆ ತೋರಿಸಿ ಆಯಿತು. ಮೊದಲಿನವನು ಪ್ಲಗ್ ಬದಲಿಸಿದ. ಎರಡನೆಯವನು ಕಾರ್ಬೊರೇಟರ್ ಕಳಚಿ ಸೀಮೆಎಣ್ಣೆಯಲ್ಲಿ ತೊಳೆದ. ಮೂರನೆಯವನು ಎಂಜಿನಿಗೆ ಕಿವಿಯಿಟ್ಟು ಕೇಳಿ, ತಲೆಯಾಡಿಸಿ, "ಕಾಟ್ಟ್ ಪೋಗುನ್ನು" ಎಂದ. ನಾವಿಬ್ಬರೂ ಎಷ್ಟು ಸಂತೋಷಪಟ್ಟೆವು ಗೊತ್ತಾ? ಕಾಟ ಹೋಗುತ್ತದೆ ಎಂದನಲ್ಲ, ಸದ್ಯ, ಪೀಡೆ ತೊಲಗಿತು ಎಂದು ನಾನು ಅವನಿಗೆ ಎರಡು ಲೋಟ ಕಾಫಿ ಕೊಟ್ಟೆ. ಆಮೇಲೆ ನೆರೆಮನೆಯ ರತ್ನ ಕೇಳಿ ಬಿದ್ದು ಬಿದ್ದು ನಕ್ಕಳು. ಮಲೆಯಾಳದಲ್ಲಿ ಕಾಟ್ಟ್ ಎಂದರೆ ಗಾಳಿಯಂತೆ! ಗಾಳಿ ಸೋರುತ್ತಿದೆ ಎಂದು ಅವನು ಹೇಳಿದ್ದು. ವಾಲ್ವು ಉಜ್ಜಿ ಕೂರಿಸಿ ಕೊಟ್ಟ, ಗಾಳಿ ಸೋರುವುದು ನಿಂತಿತು, ಕಾಟ ಮಾತ್ರ ಹೋಗಲಿಲ್ಲ. ನಾಲ್ಕು ವರ್ಷ ಇಲ್ಲಿದ್ದರೂ ನಮ್ಮ ಮಲೆಯಾಳ ಇಷ್ಟರದ್ದೇ, ಅಕ್ಕ. ಇವರಂತೂ ಕನ್ನಡಕ್ಕೆ ಎರಡು 'ಅಂ' ಸೇರಿಸಿ ಮಾತಾಡಿ, ಗೆದ್ದೆ ಎಂದು ತಿಳಿಯುವವರು.

ಕಡೆಗೆ ಎಂಟನೆಯ ತಾರೀಕು ಹೊರಟೇಬಿಟ್ಟೆವು, ಬೈಕಿನಲ್ಲಿಯೇ. "ತಳ್ಳಲಿಕ್ಕೆ ಒಬ್ಬರು ಬೇಕು, ನೀನೂ ಬಾ" ಎಂದರು. ಹೆಂಡತಿಯನ್ನು ಪ್ರವಾಸಕ್ಕೆ ಕರೆಯುವ ಕ್ರಮವೇ ಇದು? ಆದರೂ ಹೋದೆ. ಕೋಟ್ಟಯಂ ದಾರಿ ಹಿಡಿದೆವು. ನಿಲ್ಲಿಸಿದಲ್ಲೆಲ್ಲ ಯಾರಾದರೂ ತಳ್ಳಬೇಕು. ವೈಕ್ಕಂ ಹತ್ತಿರ ತೆಂಗಿನ ನಾರಿನ ಹುರಿ ಹೊಸೆಯುವ ಹೆಂಗಸರು ಕೆಲಸ ಬಿಟ್ಟು ಓಡಿ ಬಂದು, ನಗುತ್ತಾ ಕೂಗುತ್ತಾ ತಳ್ಳಿದರು. ಅದರಲ್ಲೊಬ್ಬಳು ನನ್ನ ಬೆನ್ನಿಗೂ ಒಂದು ತಟ್ಟಿ ಕಳಿಸಿದಳು. ಕೋಟ್ಟಯಂ ದಾಟಿದ ಮೇಲೆ ದಾರಿಯೆಲ್ಲ ಏರು ಇಳಿತ, ಅಲ್ಲಿ ಯಾರ ಹಂಗೂ ಬೇಕಾಗಲಿಲ್ಲ.

ಅಡೂರಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಏನೋ ಸುಟ್ಟ ವಾಸನೆ ಬಂತು. ನೋಡಿದರೆ ಇವರ ಪ್ಯಾಂಟಿನ ಬಲಗಾಲಿಗೆ ತೂತು. ಸೈಲೆನ್ಸರಿಗೆ ತಾಗಿ ಬಟ್ಟೆ ಸುಟ್ಟು, ಒಳಗೆ ಚರ್ಮದ ಮೇಲೆ ರೂಪಾಯಿ ಅಗಲದ ಬೊಬ್ಬೆ ಎದ್ದಿದೆ! "ಉರಿಯುವುದಿಲ್ಲವಾ?" ಎಂದು ಕೇಳಿದರೆ, "ಗೊತ್ತೇ ಆಗ್ಲಿಲ್ಲ ಮಾರಾಯ್ತಿ, ಮನಸ್ಸೆಲ್ಲ ಎಂಜಿನ್ ಶಬ್ದದ ಮೇಲೆಯೇ ಇತ್ತು" ಎಂದು ಚಹಾ ಕುಡಿದರು. ನಾನಾದರೆ ಊರು ಒಂದು ಮಾಡುತ್ತಿದ್ದೆ. ಎಷ್ಟು ಗಟ್ಟಿ ಜೀವ ಇವರದು ಎಂದು ಉಳಿದ ದಾರಿಯುದ್ದಕ್ಕೂ ನಾನು ಆಶ್ಚರ್ಯಪಡುತ್ತಲೇ ಇದ್ದೆ.

ತಿರುವನಂತಪುರದಲ್ಲಿ ಕೋಟೆಯ ಹತ್ತಿರ ಯಜ್ಞನಾರಾಯಣ ಮಾವನ ಮನೆಯಲ್ಲಿ ಇಳಿದುಕೊಂಡೆವು. ನಮ್ಮ ಉಡುಪಿ ಕಡೆಯಿಂದ ಬಂದು ಅಲ್ಲಿ ಪೂಜೆಗೆ ನಿಂತವರು, ನಿನಗೂ ನೆನಪಿರಬಹುದು. ಬೈಕಿನ ವಿಷಯ ಕೇಳಿ, "ದಾಮೋದರನ್ ಆಶಾನಿಗೆ ತೋರ್ಸಿ. ಅವ್ರು ಸ್ಪ್ಯಾನರ್ ಹಿಡಿಯುವ ಮೊದ್ಲೇ ರೋಗ ಹೇಳ್ತಾರೆ" ಎಂದರು. ಆಶಾನ್ ಎಂದರೆ ಅಲ್ಲಿ ಗುರು ಎಂದು ಅರ್ಥ. ಕಳರಿ ವರಸೆ ಕಲಿಸುವವರಿಗೂ ಅಕ್ಷರ ಕಲಿಸುವವರಿಗೂ ಹೇಳುವ ಮಾತನ್ನು ಒಬ್ಬ ಮೆಕ್ಯಾನಿಕ್ಕಿಗೆ ಹೇಳುತ್ತಾರಲ್ಲ ಎಂದು ನನಗೆ ನಗು ಬಂದಿತ್ತು. ಮರುದಿನ ಭಾನುವಾರ ಅವರನ್ನು ಕಂಡ ಮೇಲೆ ಆ ನಗು ಎಲ್ಲಿ ಹೋಯಿತೋ.

ಎಪ್ಪತ್ತರ ಮುದುಕ, ಕಡ್ಡಿಯ ಹಾಗಿದ್ದಾರೆ. ಉಟ್ಟದ್ದು ಬಿಳಿ ಮುಂಡು, ಅದರಲ್ಲಿ ಒಂದೇ ಒಂದು ಎಣ್ಣೆಯ ಕಲೆ ಇಲ್ಲ. ಇಷ್ಟು ವರ್ಷದಲ್ಲಿ ನಾನು ನೋಡಿದ ಶುಭ್ರ ಬಟ್ಟೆಯ ಮೊದಲನೆಯ ಮೆಕ್ಯಾನಿಕ್ ಅವರು. ಬೈಕನ್ನು ಮುಟ್ಟದೆ ಎರಡು ಸುತ್ತು ಬಂದರು. ಟ್ಯಾಂಕಿನ ಅಡಿಗೆ ಮೂಗು ಒಡ್ಡಿ, ನೀವು ಉಪ್ಪುನೀರಿನ ಹತ್ತಿರ ಮನೆ ಮಾಡಿದವರು ಎಂದರು. ಹೌದು, ಕಾಯಲು, ಅಂದರೆ ಸಮುದ್ರದ ಹಿನ್ನೀರು, ನಮ್ಮ ಹಿತ್ತಿಲಿಗೇ ತಾಗಿದೆ. ಹಿಂದಿನ ಸೀಟಿನ ಸ್ಪ್ರಿಂಗು ಒತ್ತಿ ನೋಡಿ, ಈ ಮೋಳು ಕೂರುವಾಗ ಒಂದು ಕೈಯಲ್ಲಿ ಯಾವಾಗಲೂ ಭಾರದ ಚೀಲ ಇರುತ್ತದೆ ಎಂದರು. ಮೋಳು ಎಂದರೆ ಮಗಳು. ಅಕ್ಕ, ಪ್ರತಿ ಶನಿವಾರ ಸಂತೆಯ ಚೀಲ ಹಿಡಿದು ನಾನು ಬರುವುದು ಆ ಸ್ಪ್ರಿಂಗಿನಲ್ಲಿ ಬರೆದಿತ್ತು! ನನಗೆ ಸುಮ್ಮನೆ ಕೈ ಮುಗಿಯುವ ಹಾಗಾಯಿತು.

ಆಮೇಲೆ ಅವರು ನಮಗೆ ಒಂದೊಂದಾಗಿ ತೋರಿಸಿದರು. ಪ್ಲಗ್ ಕಳಚಿ ಎಂಜಿನಿನ ಮೇಲೆ ಮಲಗಿಸಿ, ಪೆಡಲನ್ನು ಕೈಯಿಂದಲೇ ತಿರುಗಿಸಿದರು. ಅಂಗಡಿಯ ಕತ್ತಲಲ್ಲಿ ಸಾಸಿವೆಯಷ್ಟು ನೀಲಿ ಕಿಡಿ ಚಟ್ ಎಂದು ಹಾರಿತು. ಬ್ಯಾಟರಿ ಇಲ್ಲ, ಹೊರಗಿನಿಂದ ಬಂದ ತಂತಿ ಇಲ್ಲ, ಆ ಕಬ್ಬಿಣದ ಹೊಟ್ಟೆಯೊಳಗೇ ಅದು ಹುಟ್ಟುವುದಂತೆ. ಇಪ್ಪತ್ತು ವರ್ಷದ ಹಿಂದೆ ಯಾವುದೋ ದೇಶದಲ್ಲಿ ಯಾರೋ ಸುತ್ತಿಟ್ಟ ತಾಮ್ರ, ಇಂದಿಗೂ ಕೇಳಿದಾಗ ಕಿಡಿ ಕೊಡುತ್ತದೆ. ನಾನು "ಇನ್ನೊಮ್ಮೆ" ಎಂದೆ. ಅವರು ನಗುತ್ತಾ ನಾಲ್ಕು ಸಲ ತೋರಿಸಿದರು. ಮತ್ತೆ ಕಾರ್ಬೊರೇಟರಿನ ಗುಂಡಿ ಒತ್ತಿ ಪೆಟ್ರೋಲ್ ಒಸರುವುದನ್ನು ತೋರಿಸಿದರು. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಪೆಡಲ್ ತಿರುಗಿಸಿದಾಗ ಬೆರಳನ್ನೇ ಎತ್ತಿ ಎಸೆಯುವಷ್ಟು ಜೋರಾಗಿ ಗಾಳಿ ಬಂತು. "ತೀ ಉಂಡ್, ಎಣ್ಣ ಉಂಡ್, ಕಾಟ್ಟುಂ ಉಂಡ್" ಎಂದರು. ಬೆಂಕಿ ಉಂಟು, ಎಣ್ಣೆ ಉಂಟು, ಗಾಳಿಯೂ ಉಂಟು. ಈ ಸಲ ಕಾಟ್ಟ್ ನನಗೆ ಸರಿಯಾಗಿಯೇ ಅರ್ಥವಾಯಿತು. "ಪಿನ್ನೆ ಎಂದಾ?" ಎಂದು ತಮ್ಮನ್ನೇ ಕೇಳಿಕೊಂಡರು. ಮತ್ತೆ ಇನ್ನೇನು?

ಪ್ಲಗ್ ಕೂರಿಸಿ, ಇವರಿಗೆ ಒದೆಯಲು ಹೇಳಿದರು. ತಾವು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಪೆಡಲಿನ ಮಟ್ಟಕ್ಕೆ ಕಣ್ಣಿಟ್ಟರು. ಇವರು ಒದ್ದರು, ಆಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಆಶಾನ್ ಎಂಜಿನನ್ನು ನೋಡಲೇ ಇಲ್ಲ. ಪೆಡಲಿನ ರಬ್ಬರನ್ನು ಸವರಿದರು, ಅದರ ತುದಿ ಮಾತ್ರ ಸವೆದು ನುಣುಪಾಗಿತ್ತು. ಇವರ ಬಲಗಾಲಿನ ಬೂಟು ಬಿಚ್ಚಿಸಿ, ತಿರುಗಿಸಿ ತಳ ನೋಡಿದರು, ಬೆರಳಿನ ಕಡೆ ಚರ್ಮ ಹರಿದೇಹೋಗಿತ್ತು. ಆ ಬೂಟನ್ನು ಇವರ ಕಾಲ ಬಳಿ ಮೆಲ್ಲಗೆ ಇಟ್ಟರು. ಮತ್ತೆ ನನ್ನ ಕಡೆ ತಿರುಗಿ, "ಮೋಳ್ ವಾ" ಎಂದರು.

ನಾನು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಓಣಿಯ ಜನವೆಲ್ಲ ಬಂದು ಸೇರಿದ್ದರು. ಇವರು, "ಹೋಗು, ಹೋಗು, ನೋಡುವ" ಎಂದು ನಗುತ್ತಾ ದಾರಿ ಬಿಟ್ಟರು. ಆಶಾನ್ ದೂರ ನಿಂತು ಬೆರಳಿನಲ್ಲೇ ಹೇಳಿಕೊಟ್ಟರು: ಮೊದಲು ಮೆಲ್ಲಗೆ ಒತ್ತು, ಒಳಗಿನಿಂದ ತಡೆ ಬರುವವರೆಗೆ. ಬಂತಾ? ಈಗ ಎಡಗೈಯ ಸಣ್ಣ ಲಿವರ್ ಹಿಡಿ, ಆ ತಡೆಯನ್ನು ದಾಟಿಸು. ಲಿವರ್ ಬಿಡು. ಪೆಡಲ್ ಮೇಲೆ ಬರಲಿ. ಇನ್ನು ಕಾಲಿನಿಂದ ಒದೆಯಬೇಡ, ಇಡೀ ಮೈಯಿಂದ ಇಳಿ. "ಚವಿಟ್ಟ್!" ತುಳಿ ಎಂದು.

ಇಳಿದೆ. ಅಕ್ಕ, ಅದನ್ನು ಹೇಗೆ ಬರೆಯಲಿ? ನನ್ನ ಅಂಗಾಲಿನ ಕೆಳಗಿಂದ ಶಬ್ದ ಎದ್ದಿತು. ಡುಗ್, ಡುಗ್, ಡುಗ್ ಎಂದು ಅಷ್ಟು ನಿಧಾನವಾಗಿ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ. ಹ್ಯಾಂಡಲ್ ಹಿಡಿದ ನನ್ನ ಕೈಯ ಬಳೆಗಳೆಲ್ಲ ನಡುಗುತ್ತಿದ್ದವು. ಇಷ್ಟು ಹೊತ್ತು ಆ ಶಬ್ದ ಎಲ್ಲಿ ಇತ್ತು? ಹನಿ ಎಣ್ಣೆ, ಸಾಸಿವೆಯಷ್ಟು ಕಿಡಿ, ಹಿಡಿ ಗಾಳಿ, ಇವು ಮೂರು ಒಂದು ಗಳಿಗೆಗೆ ಕೂಡಿದರೆ ಆನೆಯಂಥ ಕಬ್ಬಿಣ ಎದ್ದು ನಿಲ್ಲುವುದಾ? ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಬಾಗಿಲು ತೆಗೆದಾಗ ಆಗುತ್ತದಲ್ಲ, ಅಂಥದ್ದೇನೋ ನನಗೆ ಆಯಿತು. ಕಣ್ಣಲ್ಲಿ ನೀರು ಬಂತು. ಜನ ಚಪ್ಪಾಳೆ ತಟ್ಟಿದರು.

ಇವರು ಓಣಿಗೆಲ್ಲ ಕೇಳುವ ಹಾಗೆ, "ಕಾಲ್ಗುಣ ಅಂದ್ರೆ ಇದು! ನನ್ನ ಹೆಂಡತಿಯ ಕಾಲ್ಗುಣ!" ಎಂದು ಕೂಗಿದರು. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ, ನನಗೆ ಆಯಿತು. ನಾನು ಮನೆ ತುಂಬಿದ ವರ್ಷ ಕೊಟ್ಟಿಗೆಯ ಎರಡು ಎಮ್ಮೆ ಸತ್ತು, ಅತ್ತೆ ನನ್ನ ಕಾಲ್ಗುಣದ ಬಗ್ಗೆ ಆಡಿದ್ದೆಲ್ಲ ನಿನಗೆ ಗೊತ್ತಲ್ಲ. ಹದಿನಾಲ್ಕು ವರ್ಷ ಅದು ನನ್ನ ಎದೆಯಲ್ಲಿ ಮುಳ್ಳಾಗಿ ಇತ್ತು. ಆ ಭಾನುವಾರ ಚಾಲೆಯ ಓಣಿಯಲ್ಲಿ ಅದು ಉದುರಿಹೋಯಿತು.

ಎಂಜಿನಿನ ಸದ್ದಿನ ನಡುವೆ ಆಶಾನ್ ಇವರ ಹತ್ತಿರ ಬಂದು, "ಸಾರೇ, ಕಾಲಿಂಡೆ ಕುಳಪ್ಪಮಾಣ್" ಎಂದರು. ಕುಳಪ್ಪ ಎಂದರೆ ತೊಂದರೆ. ಇವರು ಥಟ್ಟನೆ, "ಕಾಲಂ, ಕಾಲಂ! ಇರುಪತ್ತು ವರ್ಷಮಾಯಿಲ್ಲೇ!" ಎಂದು ನಕ್ಕರು. ಕಾಲದ ತೊಂದರೆಯೇ ಸರಿ, ಯಂತ್ರಕ್ಕೂ ಮುಪ್ಪು ಬರುತ್ತದೆ, ಮುದುಕರನ್ನು ಉಪಾಯದಲ್ಲಿ ಎಬ್ಬಿಸಬೇಕು ಎಂದು ನನಗೂ ಅನಿಸಿತು. ಆಶಾನ್ ಇವರನ್ನೇ ನೋಡುತ್ತಾ ನಿಂತರು, ಮತ್ತೇನೋ ಹೇಳಲು ಬಾಯಿ ತೆರೆದು, ಅಷ್ಟು ಜನರನ್ನು ನೋಡಿ ಮುಚ್ಚಿಕೊಂಡರು. ಕೂಲಿ ಕೊಡಹೋದರೆ, "ಞಾನ್ ಒನ್ನುಂ ಚೆಯ್ದಿಲ್ಲಲ್ಲೋ" ಎಂದರು, ನಾನು ಏನೂ ಮಾಡಲಿಲ್ಲವಲ್ಲ ಎಂದು. ಹೊರಡುವಾಗ ನನಗೆ ಮಾತ್ರ ಕೇಳುವ ಹಾಗೆ, "ನೋಕ್ಕಿಕ್ಕೊಳ್ಳಣಂ, ಮೋಳೇ" ಎಂದರು. ನೋಡಿಕೊಳ್ಳಬೇಕು ಮಗಳೇ ಎಂದು. ಬೈಕನ್ನು ನನ್ನ ವಶಕ್ಕೇ ಕೊಟ್ಟ ಹಾಗಾಯಿತು ಎಂದು ನಾನು ಉಬ್ಬಿಹೋದೆ.

ಸೋಮವಾರದ್ದು ಕೇಳು. ಮಾವನ ಮನೆಯ ಅಂಗಳದಲ್ಲಿ ನಾನು ಸ್ಟಾರ್ಟ್ ಮಾಡಿ ಕೊಟ್ಟೆ. ಇವರು ಆಫೀಸಿಗೆ ಹೋದವರು ಎಂಜಿನ್ ನಿಲ್ಲಿಸಲೇ ಇಲ್ಲ! ಆಫೀಸರು ಹೊರಗೆ ಬಂ‌ದು ನೋಡಿ, "ಮಿಸ್ಟರ್ ದಿನಕರ, ಇಷ್ಟು ಹಳೆಯ ಎಂಜಿನ್ ಇಷ್ಟು ಶಾಂತವಾಗಿ ಓಡುವುದನ್ನು ನಾನು ಕಂಡಿಲ್ಲ" ಎಂದು ಹೇಳಿ ಅಲ್ಲೇ ರುಜು ಹಾಕಿದರಂತೆ. ಏಪ್ರಿಲ್ ಒಂದಕ್ಕೆ ಹೊಸ ಲೈನಿಗೆ ಹಾಜರಾಗಬೇಕು. ಈಗ ದಿನಾ ಬೆಳಿಗ್ಗೆ ಒಂದು ಒದೆ ನನ್ನದು. ಆಫೀಸಿನಿಂದ ಬರುವಾಗ ಇವರು ಅಲ್ಲಿನ ಜವಾನನಿಂದ ತಳ್ಳಿಸಿಕೊಂಡು ಬರುತ್ತಾರೆ, ಹೊಸ ಊರಿನಲ್ಲಿ ಏನು ಮಾಡುವುದೋ ನೋಡಬೇಕು. "ಟೂರಿಗೆಲ್ಲ ನಿನ್ನನ್ನೂ ಕರ್ಕೊಂಡು ಹೋಗ್ತೇನೆ, ಇಲಾಖೆಗೆ ಅರ್ಜಿ ಹಾಕ್ತೇನೆ" ಎನ್ನುತ್ತಾರೆ. ಇವರು ಹೀಗೆ ನಗುವುದನ್ನು ನೋಡಿ ಎಷ್ಟು ತಿಂಗಳಾಗಿತ್ತು!

ಇಲ್ಲಿಗೆ ನಿಲ್ಲಿಸುತ್ತೇನೆ, ಬೆರಳು ಸೋತಿತು. ಭಾವನವರಿಗೆ ನಮ್ಮಿಬ್ಬರ ನಮಸ್ಕಾರ. ಮಕ್ಕಳ ತಲೆ ನೇವರಿಸಿ ಚಿಕ್ಕಮ್ಮನ ಆಶೀರ್ವಾದ ಹೇಳು, ಪರೀಕ್ಷೆ ಚೆನ್ನಾಗಿ ಆಗಲಿ. ನಿನ್ನ ಬೆನ್ನು ನೋವಿಗೆ ಇಲ್ಲಿಯ ಕೊಟ್ಟಂಚುಕ್ಕಾದಿ ಎಣ್ಣೆ ಕಳಿಸುತ್ತೇನೆ. ಬೈಯುವುದಿದ್ದರೆ ಬೈದು ಬರೆ, ಆದರೆ ಬೇಗ ಬರೆ.

ನಿನ್ನ ತಂಗಿ,
ರಾಜೀವಿ

ತಾ. ಕ.

೧೭-೩-೧೯೫೮, ಸೋಮವಾರ

ಅಕ್ಕ, ಮೇಲಿನದನ್ನು ಶುಕ್ರವಾರವೇ ಬರೆದು ಮುಗಿಸಿದ್ದೆ. ಮನೆಯಲ್ಲಿ ಅಂಚೆಚೀಟಿ ಇರಲಿಲ್ಲ, ಲಕೋಟೆ ಅಂಟಿಸದೆ ಇಟ್ಟೆ. ಮೊದಲ ಸಾಲಿನಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆದಿದ್ದೇನೆ. ಅದನ್ನು ಹೊಡೆದುಹಾಕಲಿಲ್ಲ, ಬರೆದಾಗ ಅದು ನನಗೆ ನಿಜವೇ ಆಗಿತ್ತು.

ಶನಿವಾರ ಮಧ್ಯಾಹ್ನ ರತ್ನ ಬಂದಳು. ಅವಳು ಕಾಸರಗೋಡಿನವಳು, ಗಂಡ ಇಲ್ಲಿ ಕೋರ್ಟಿನಲ್ಲಿ ಗುಮಾಸ್ತ, ಕನ್ನಡ ಮಲೆಯಾಳ ಎರಡೂ ಅವಳಿಗೆ ಒಂದೇ. ನನ್ನ ಪ್ರತಾಪವನ್ನು ಅಭಿನಯ ಮಾಡಿ ಹೇಳಿದೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಶಾನ್ ಹೇಳಿದ ಮಾತನ್ನು ಅವರ ಹಾಗೆಯೇ ಹೇಳಿದಾಗ ಅವಳ ನಗು ನಿಂತಿತು.

"ಇನ್ನೊಮ್ಮೆ ಹೇಳಿ. ಕಾಲತ್ತಿಂಡೆ ಅಂತಲೋ, ಕಾಲಿಂಡೆ ಅಂತಲೋ?"

"ಕಾಲಿಂಡೆ. ಯಾಕೆ? ಎರಡೂ ಒಂದೇ ಅಲ್ವಾ?"

"ಅಲ್ಲ ರಾಜೀವಿಯಕ್ಕಾ. ಕಾಲತ್ತಿಂಡೆ ಅಂದ್ರೆ ಕಾಲದ್ದು. ಕಾಲಿಂಡೆ ಅಂದ್ರೆ..." ಎಂದು ತನ್ನ ಮೊಣಕಾಲು ಮುಟ್ಟಿದಳು. "ಕಾಲಿಂದು. ಸಾರಿನ ಕಾಲಿಗೆ ಎಂತದೋ ತೊಂದರೆ ಉಂಟು ಅಂತ ಅವ್ರು ಹೇಳಿದ್ದು."

ಬೆಂಕಿ ಉಂಟು, ಎಣ್ಣೆ ಉಂಟು, ಗಾಳಿಯೂ ಉಂಟು. ಬೈಕಿಗೆ ಏನೂ ಆಗಿರಲೇ ಇಲ್ಲ. ಆ ಮುದುಕ ನೆಲದ ಮೇಲೆ ಕೂತು ನೋಡಿದ್ದು ಇವರ ಪಾದವನ್ನು. ಪೆಡಲಿನಿಂದ ಜಾರುವುದನ್ನು, ಬೂಟಿನ ತುದಿ ನೆಲಕ್ಕೆ ಎಳೆದು ಹರಿದದ್ದನ್ನು. ಖಾತ್ರಿ ಮಾಡಿಕೊಳ್ಳಲಿಕ್ಕೇ ನನ್ನಿಂದ ಒದೆಸಿದರು. ಹೆಂಗಸೊಬ್ಬಳು, ಅಭ್ಯಾಸವಿಲ್ಲದವಳು, ಒಂದೇ ಒದೆಗೆ ಎಬ್ಬಿಸಿದ ಮೇಲೆ ಇನ್ನು ಯಾವ ಅನುಮಾನ? ಎಲ್ಲರೂ ಚಪ್ಪಾಳೆ ತಟ್ಟುವಾಗ ಅವರೊಬ್ಬರು ತಟ್ಟಲಿಲ್ಲ. ನೋಡಿಕೋ ಮಗಳೇ ಎಂದದ್ದು ಬೈಕನ್ನಲ್ಲ. ನಾಲ್ಕು ಬೆರಳಿನಷ್ಟು ರಬ್ಬರಿನಲ್ಲಿ ಅವರು ಓದಿದ್ದನ್ನು, ನಾಲ್ಕು ತಿಂಗಳು ಒಂದೇ ಮನೆಯಲ್ಲಿದ್ದೂ ನಾನು ಓದಲಿಲ್ಲ. ಬಲಗಾಲಿನ ಚಪ್ಪಲಿ ಕಳಚಿ ಬೀಳುವಾಗ, "ಕಾಲೆತ್ತಿ ನಡೆಯಲಿಕ್ಕೂ ಸೋಮಾರಿತನವಾ?" ಎಂದು ನಾಲ್ಕು ಜನರ ಎದುರು ಗೇಲಿ ಮಾಡಿದವಳು ನಾನು. ಸುಟ್ಟರೂ ಗೊತ್ತಾಗದ ಕಾಲನ್ನು ಧೈರ್ಯ ಎಂದು ತಿಳಿದು ಹೆಮ್ಮೆಪಟ್ಟವಳೂ ನಾನೇ.

ನಿನ್ನೆ ಬೆಳಿಗ್ಗೆ ಇವರು ಪೇಪರ್ ಓದುತ್ತಾ ಕೂತಿದ್ದರು. ಹಿಡಿಸೂಡಿ ಹಿಡಿದು ಹೋಗಿ, "ಪಾದ ಎತ್ತಿ, ಗುಡಿಸ್ಬೇಕು" ಎಂದೆ. ಇವರು ಓದುತ್ತಲೇ ಎರಡೂ ಕಾಲು ಎತ್ತಿದರು. ಎಡಗಾಲಿನ ಬೆರಳು ಮೇಲಕ್ಕೆ ನಿಂತವು. ಬಲಗಾಲಿನವು ಒದ್ದೆ ಬಟ್ಟೆಯ ಹಾಗೆ ಕೆಳಗೆ ಜೋತು ಬಿದ್ದವು. ನಾನು ಅದೇ ಜಾಗವನ್ನು ಮೂರು ಸಲ ಗುಡಿಸಿದೆ. "ಅಲ್ಲಿ ಎಂತ ಚಿನ್ನ ಬಿದ್ದಿದೆಯಾ?" ಎಂದು ಕೇಳಿದರು.

ಇವರಿಗೆ ಇನ್ನೂ ಹೇಳಿಲ್ಲ. ಏಪ್ರಿಲ್ ಒಂದಕ್ಕೆ ಹೊಸ ಲೈನು, ಸಮುದ್ರದ ಗಾಳಿಗೆ ನಿಂತ ಕಂಬಗಳು, ಇವರು ಹತ್ತದೆ ಬಿಡುವವರಲ್ಲ. ತುದಿಯಲ್ಲಿ ಆ ಪಾದ ಜಾರಿದರೆ? ಹೇಳಿದರೆ ಡಾಕ್ಟರು, ಡಾಕ್ಟರ ಕಾಗದ ಇಲಾಖೆಗೆ, ಹನ್ನೆರಡು ವರ್ಷ ಕಾದ ಕೆಲಸ ಕೈಗೆ ಬಂದ ತಿಂಗಳೇ ಹೋಯಿತು. ಹೇಳಲೇಬೇಕು, ನನಗೆ ಗೊತ್ತುಂಟು. ರತ್ನಳ ಅಣ್ಣ ಇಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರು, ಗುರುವಾರ ಕರೆದುಕೊಂಡು ಬನ್ನಿ ಎಂದಿದ್ದಾರೆ. ಬುಧವಾರದ ಒಳಗೆ ನಾನು ಬಾಯಿ ತೆರೆಯಬೇಕು. ಅಕ್ಕ, ಮೊದಲ ಮಾತು ಯಾವುದು ಆಡಲಿ? ನನಗೆ ಅದೊಂದೇ ತೋಚುತ್ತಿಲ್ಲ.

ಇವತ್ತು ಬೆಳಿಗ್ಗೆಯೂ ಅಂಗಳದಿಂದ, "ರಾಜೀವೀ, ಬಾ, ಹೊತ್ತಾಯ್ತು" ಎಂದು ಕರೆದರು. ಹೋದೆ. ಪೆಡಲಿನ ಮೇಲೆ ಕಾಲಿಟ್ಟು, ದೇವರೇ, ಇವತ್ತು ಒಂದು ದಿನ ಇದು ಸ್ಟಾರ್ಟ್ ಆಗದೆ ಇರಲಿ, ಕೆಟ್ಟದ್ದು ಬೈಕೇ ಆಗಿರಲಿ ಎಂದು ಬೇಡಿಕೊಂಡೆ. ಕಣ್ಣು ಮುಚ್ಚಿ, ಬಲವಿಲ್ಲದವಳ ಹಾಗೆ, ಬೇಕೆಂದೇ ಮೆಲ್ಲಗೆ ಒದ್ದೆ.

ಒಂದೇ ಒದೆಗೆ ಎದ್ದಿತು, ಅಕ್ಕ.